ಗುರುತಿನ ಫಲಕವೋ, ಗರ್ವದ ಫಲಕವೋ?

ಮದುವೆ ಹಾಲ್‌ನ ಅಂಗಳದಲ್ಲಿ ಸಾಲಾಗಿ ನಿಂತ ಕಾರುಗಳನ್ನು ನೀವು ಗಮನಿಸಿದ್ದೀರಾ? ಬಣ್ಣ, ಕಂಪೆನಿ, ಗಾತ್ರ ಎಲ್ಲವನ್ನೂ ನೋಡಿದ ಮೇಲೆ ಕಣ್ಣು ಕೊನೆಗೆ ಹೋಗಿ ನಿಲ್ಲುವುದು ಮುಂಭಾಗದ ಆ ಚಿಕ್ಕ ತಗಡಿನ ಮೇಲೆ. ಅದರಲ್ಲಿ 4837 ಎಂದಿದ್ದರೆ ಯಾರೂ ಎರಡನೆಯ ಸಲ ನೋಡುವುದಿಲ್ಲ. 0786 ಎಂದೋ 9999 ಎಂದೋ ಇದ್ದರೆ ಮಾತ್ರ "ಇದು ಯಾರ ಗಾಡಿ?" ಎಂಬ ಪ್ರಶ್ನೆ ಬಾಯಿಂದ ಬಾಯಿಗೆ ಹರಿದಾಡುತ್ತದೆ.

ಸಹೋದರಿಯರೇ, ಎರಡೂ ಫಲಕಗಳನ್ನು ಮಾಡಿದ್ದು ಒಂದೇ ಬಗೆಯ ತಗಡಿನಿಂದ. ಎರಡೂ ಮಾಡುವ ಕೆಲಸವೂ ಒಂದೇ. ಆದರೂ ಒಂದು ಸರದಿಯಲ್ಲಿ ತಾನಾಗಿ ಬಂದದ್ದು, ಇನ್ನೊಂದಕ್ಕೆ ಕೆಲವೊಮ್ಮೆ ಲಕ್ಷಗಟ್ಟಲೆ ಸುರಿದದ್ದು. ಈ ವ್ಯತ್ಯಾಸ ಹುಟ್ಟಿದ್ದು ಎಲ್ಲಿಂದ? ಅದರಿಂದ ಮನೆಗೆ ಸಿಗುವುದೇನು? ಫ್ಯಾನ್ಸಿ ನಂಬರಿನ ಹುಚ್ಚು ನಮ್ಮ ಮನೆಗಳ ಹೊಸ್ತಿಲನ್ನೂ ದಾಟಿರುವಾಗ ಈ ಬಗ್ಗೆ ಸ್ವಲ್ಪ ಯೋಚಿಸುವುದು ಒಳ್ಳೆಯದು.

ಫಲಕ ಬಂದದ್ದು ಏಕೆ?

ಮೋಟಾರು ವಾಹನಗಳು ರಸ್ತೆಗಿಳಿದ ಆರಂಭದ ದಿನಗಳಲ್ಲಿ ಅವುಗಳಿಗೆ ಸಂಖ್ಯೆ ಇರಲಿಲ್ಲ. ಯಾರಿಗಾದರೂ ಡಿಕ್ಕಿ ಹೊಡೆದು ಓಡಿಹೋದರೆ ಚಾಲಕನನ್ನು ಪತ್ತೆಹಚ್ಚುವ ದಾರಿಯೂ ಇರಲಿಲ್ಲ. 1893ರಲ್ಲಿ ಪ್ಯಾರಿಸ್ ನಗರದ ಪೊಲೀಸರು ಒಂದು ಆಜ್ಞೆ ಹೊರಡಿಸಿದರು. ಪ್ರತಿಯೊಂದು ಮೋಟಾರು ವಾಹನದಲ್ಲೂ ಲೋಹದ ತಗಡಿನ ಮೇಲೆ ಮಾಲಕನ ಹೆಸರು, ವಿಳಾಸ ಹಾಗೂ ಒಂದು ಸಂಖ್ಯೆ ಇರಲೇಬೇಕು ಎಂಬುದೇ ಆ ಆಜ್ಞೆ. ಬ್ರಿಟನ್ನಿನಲ್ಲಿ 1903ರ ಮೋಟಾರು ಕಾರು ಕಾಯ್ದೆಯಂತೆ 1904ರ ಜನವರಿ 1ರಿಂದ ನಂಬರ್ ಪ್ಲೇಟ್ ಕಡ್ಡಾಯವಾಯಿತು. ಹೀಗೆ ಒಂದೊಂದೇ ದೇಶ ಅದನ್ನು ಅನುಸರಿಸಿತು.

ಇಲ್ಲಿ ಒಂದು ವಿಷಯವನ್ನು ಮನಸ್ಸಿಟ್ಟು ನೋಡಿ. ಈ ಫಲಕ ಬಂದದ್ದು ವಾಹನದ ಮಾಲಕನ ಸಂತೋಷಕ್ಕಾಗಿ ಅಲ್ಲ. ರಸ್ತೆಯಲ್ಲಿ ನಡೆದು ಹೋಗುವ ಬಡವನ ರಕ್ಷಣೆಗಾಗಿ. ಮಾಲಕನು ತಪ್ಪು ಮಾಡಿದರೆ ಅವನನ್ನು ಹುಡುಕಿ ಉತ್ತರ ಕೇಳಲು ಸಾಧ್ಯವಾಗಲಿ ಎಂಬುದಕ್ಕಾಗಿ.

ಆದರೆ ಮನುಷ್ಯನ ಮನಸ್ಸು ವಿಚಿತ್ರ. ಕಾಯ್ದೆಯ ಶಾಯಿ ಆರುವ ಮೊದಲೇ ಲಂಡನ್ನಿನಲ್ಲಿ 'ಎ 1' ಎಂಬ ಸಂಖ್ಯೆಗಾಗಿ ಪೈಪೋಟಿ ಶುರುವಾಯಿತು. ಅದನ್ನು ಪಡೆದವರು ತತ್ವಜ್ಞಾನಿ ಬರ್ಟ್ರಂಡ್ ರಸೆಲ್‌ರ ಅಣ್ಣ ಅರ್ಲ್ ರಸೆಲ್. ಅದಕ್ಕಾಗಿ ಅವರು ರಾತ್ರಿಯಿಡೀ ಕಾದಿದ್ದರೆಂದು ಹೇಳಲಾಗುತ್ತದೆ. ಜನರ ಈ ಆಸೆಯನ್ನು ಸರಕಾರವೂ ಕಂಡುಕೊಂಡಿತು. ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆ 1989ರಿಂದ ಆಕರ್ಷಕ ಸಂಖ್ಯೆಗಳನ್ನು ತಾನೇ ಮಾರತೊಡಗಿತು. ಅಲ್ಲಿ ಫಲಕದಲ್ಲಿ ಅಕ್ಷರಗಳೂ ಬರುವುದರಿಂದ ಅಂಕಿ, ಅಕ್ಷರ ಕೂಡಿಸಿ ತಮ್ಮ ಹೆಸರನ್ನೇ ಹೋಲುವ ಫಲಕ ಪಡೆಯಬಹುದು. ಎಸೆಕ್ಸ್ ಕೌಂಟಿಯ ಆಡಳಿತ 1904ರಿಂದ ಇಟ್ಟುಕೊಂಡಿದ್ದ 'ಎಫ್ 1' ಎಂಬ ಸಂಖ್ಯೆಯನ್ನು 2008ರಲ್ಲಿ ಅಫ್ಝಲ್ ಕಾನ್ ಎಂಬ ಕಾರು ವಿನ್ಯಾಸಕಾರರು ಕೊಂಡರು. ತೆರಿಗೆಯೆಲ್ಲ ಸೇರಿ ಆದ ಮೊತ್ತ 4,40,000 ಪೌಂಡು. ಅಂದಿನ ಲೆಕ್ಕದಲ್ಲಿ ಸುಮಾರು ಮೂರೂವರೆ ಕೋಟಿ ರೂಪಾಯಿ! ಮುಂದೆ ಅದು ಬುಗಾಟಿ ವೇರಾನ್ ಎಂಬ ದುಬಾರಿ ಕಾರನ್ನು ಅಲಂಕರಿಸಿತು.

ವಿಶೇಷ ಫಲಕದ ಆಸೆ ತಿರುಗಿಬಿದ್ದ ಒಂದು ತಮಾಷೆಯ ಪ್ರಸಂಗವೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಂಪ್ಯೂಟರ್ ಸುರಕ್ಷತೆಯ ಪರಿಣತರೊಬ್ಬರು 2016ರಲ್ಲಿ ತಮ್ಮ ಕಾರಿಗೆ 'ನಲ್' ಎಂಬ ಫಲಕ ಪಡೆದರು. ಕಂಪ್ಯೂಟರಿನ ಭಾಷೆಯಲ್ಲಿ 'ನಲ್' ಎಂದರೆ ಖಾಲಿ, ಏನೂ ಇಲ್ಲ ಎಂದರ್ಥ. ಆದದ್ದೇನು? ಸಂಖ್ಯೆಯನ್ನು ಬರೆಯದೆ ಬಿಟ್ಟ ಯಾರು ಯಾರದೋ ದಂಡದ ಚೀಟಿಗಳೆಲ್ಲ ಅವರ ಮನೆಗೆ ಬರತೊಡಗಿದವು. ಮೊತ್ತ 12,000 ಡಾಲರ್ ದಾಟಿತು. ಎಲ್ಲರಿಗಿಂತ ಭಿನ್ನವಾಗಿ ಕಾಣಬೇಕೆಂದು ಹೊರಟವರು ಎಲ್ಲರ ದಂಡವನ್ನೂ ಹೊರಬೇಕಾಗಿ ಬಂತು!

ಕೊಲ್ಲಿಯ ಹರಾಜು ಕಟ್ಟೆಯಲ್ಲಿ

ಈ ಮೋಹ ಶಿಖರಕ್ಕೇರಿದ್ದು ನಮ್ಮ ಕರಾವಳಿಯ ಸಾವಿರಾರು ಮನೆಗಳಿಗೆ ಅನ್ನ ನೀಡಿದ ಕೊಲ್ಲಿ ನಾಡಿನಲ್ಲಿ. ಅಲ್ಲಿ ಸಂಖ್ಯೆ ವಾಹನಕ್ಕೆ ಸೇರಿದ್ದಲ್ಲ, ವ್ಯಕ್ತಿಗೆ ಸೇರಿದ್ದು. ಕಾರು ಮಾರಿದರೂ ಸಂಖ್ಯೆಯನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಕಾರಿಗೆ ಹಾಕಿಕೊಳ್ಳಬಹುದು. ಅಂಕಿಗಳು ಕಡಿಮೆಯಾದಷ್ಟೂ ಘನತೆ ಹೆಚ್ಚು. ಐದು ಅಂಕಿಯ ಫಲಕ ಸಾಮಾನ್ಯರದು, ಒಂದೇ ಅಂಕಿಯದು ದೊಡ್ಡವರದು ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು.

2008ರ ಫೆಬ್ರವರಿಯಲ್ಲಿ ಅಬುಧಾಬಿಯಲ್ಲಿ ನಡೆದ ಧರ್ಮಾರ್ಥ ಹರಾಜಿನಲ್ಲಿ '1' ಎಂಬ ಸಂಖ್ಯೆ 5 ಕೋಟಿ 22 ಲಕ್ಷ ದಿರ್ಹಮಿಗೆ ಮಾರಾಟವಾಯಿತು. ಅಂದಿನ ಲೆಕ್ಕದಲ್ಲಿ 50 ಕೋಟಿ ರೂಪಾಯಿಗೂ ಅಧಿಕ. ಹದಿನೈದು ವರ್ಷಗಳ ಕಾಲ ಅದೇ ವಿಶ್ವದಾಖಲೆಯಾಗಿತ್ತು. 2016ರಲ್ಲಿ ದುಬೈಯಲ್ಲಿ ಭಾರತೀಯ ಉದ್ಯಮಿಯೊಬ್ಬರು 'ಡಿ 5' ಎಂಬ ಫಲಕಕ್ಕೆ 3 ಕೋಟಿ 30 ಲಕ್ಷ ದಿರ್ಹಮ್ ಕೊಟ್ಟರು. ಅದನ್ನು ಹಾಕಲು ಅವರಲ್ಲಿ ರೋಲ್ಸ್ ರಾಯ್ಸ್ ಕಾರುಗಳಿದ್ದವು. ಅವರು ಹೇಳಿದ ಕಾರಣವೇನು ಗೊತ್ತೇ? ಇಂಗ್ಲಿಷ್ ಅಕ್ಷರಮಾಲೆಯಲ್ಲಿ 'ಡಿ' ನಾಲ್ಕನೆಯದು. ನಾಲ್ಕಕ್ಕೆ ಐದು ಕೂಡಿಸಿದರೆ ಒಂಬತ್ತು. ಒಂಬತ್ತು ಅವರಿಗೆ ಇಷ್ಟದ ಸಂಖ್ಯೆ.

ಬಳಿಕ 2023ರ ಎಪ್ರಿಲ್ ಬಂತು. ರಮಝಾನ್ ತಿಂಗಳು. ಬಡವರ ಊಟದ ನಿಧಿಗಾಗಿ ದುಬೈಯಲ್ಲಿ ಹರಾಜು. 'ಪಿ 7' ಎಂಬ ಫಲಕಕ್ಕೆ ಕೂಗು ಆರಂಭವಾದದ್ದು 1 ಕೋಟಿ 50 ಲಕ್ಷ ದಿರ್ಹಮಿನಿಂದ. ಮುಗಿದದ್ದು 5 ಕೋಟಿ 50 ಲಕ್ಷದಲ್ಲಿ. ನಮ್ಮ ಹಣದಲ್ಲಿ ಸುಮಾರು 122 ಕೋಟಿ ರೂಪಾಯಿ. ಅಬುಧಾಬಿಯ ಹಳೆಯ ದಾಖಲೆ ಅಂದು ಮುರಿಯಿತು.

ಈ ಮೊತ್ತವನ್ನು ನಾವು ಮನಸ್ಸಿನಲ್ಲಿ ಹಿಡಿಯುವುದು ಹೇಗೆ? ಒಂದು ಲೆಕ್ಕ ಮಾಡಿ ನೋಡೋಣ. ಅದೇ ದುಬೈಯ ಅಂಗಡಿಯೊಂದರಲ್ಲಿ ತಿಂಗಳಿಗೆ 2,000 ದಿರ್ಹಮ್ ಸಂಬಳಕ್ಕೆ ದುಡಿಯುವ ನಮ್ಮೂರಿನ ಯುವಕನೊಬ್ಬನಿದ್ದಾನೆಂದು ಭಾವಿಸಿ. ಉಣ್ಣದೆ, ಉಡದೆ, ಊರಿಗೆ ಒಂದು ಕಾಸೂ ಕಳುಹಿಸದೆ ಆತ ಕೂಡಿಟ್ಟರೂ ಆ ಒಂದು ಫಲಕದ ಬೆಲೆಯಾಗಲು 27,500 ತಿಂಗಳು ಬೇಕು. ಅಂದರೆ 2,291 ವರ್ಷಗಳಿಗೂ ಹೆಚ್ಚು!

"ಹಣ ದಾನಕ್ಕೆ ಹೋಯಿತಲ್ಲವೇ, ಇದರಲ್ಲಿ ತಪ್ಪೇನು?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಂದಿನ ಹರಾಜಿನಲ್ಲಿ ಫಲಕಗಳು ಮತ್ತು ಫೋನ್ ನಂಬರುಗಳೆಲ್ಲ ಸೇರಿ ಸುಮಾರು 9 ಕೋಟಿ 79 ಲಕ್ಷ ದಿರ್ಹಮ್ ಸಂಗ್ರಹವಾಯಿತು. ಹಸಿದವರ ಹೊಟ್ಟೆಗಾಗಿ ತೆಗೆದಿಟ್ಟ ಹಣವನ್ನು ಹಗುರವಾಗಿ ಕಾಣಬಾರದು. ಪಿ 7 ಕೊಂಡವರು ಅಂದು ತಮ್ಮ ಹೆಸರನ್ನು ಹೊರಗೆಡವಲಿಲ್ಲ ಎಂಬುದನ್ನೂ ನೆನಪಿಡಬೇಕು. ಆದರೆ ಮನುಷ್ಯನ ಸ್ವಭಾವದ ಬಗ್ಗೆ ಈ ಹರಾಜು ಹೇಳುವ ಪಾಠವೊಂದಿದೆ. ಅನ್ನದಾನ ಮಾಡಿ ಎಂದು ಕೇಳಿದರೆ ಬಿಚ್ಚದ ಚೀಲ, ಮೆರೆಯಲು ಒಂದು ಅಂಕಿ ಕೊಡುತ್ತೇವೆ ಎಂದರೆ ಬಿಚ್ಚಿಕೊಳ್ಳುತ್ತದೆ. ಹರಾಜು ಏರ್ಪಡಿಸಿದವರು ಈ ದೌರ್ಬಲ್ಯವನ್ನು ಬಲ್ಲವರು, ಅದನ್ನು ಒಳ್ಳೆಯ ಕೆಲಸಕ್ಕೆ ಬಳಸಿಕೊಂಡರು. ಅದೇ ದೌರ್ಬಲ್ಯ ಕೋಟ್ಯಧೀಶನಲ್ಲದವನ ಮನೆಗೆ ಹೊಕ್ಕಾಗ ಏನಾಗುತ್ತದೆ?

ನಮ್ಮ ನಾಡಿನ ಕಥೆ

ಭಾರತದಲ್ಲಿ ವ್ಯವಸ್ಥೆ ಬೇರೆ. ರಾಜ್ಯದ ಎರಡು ಅಕ್ಷರ, ಸಾರಿಗೆ ಕಚೇರಿಯ ಸಂಖ್ಯೆ, ಸರಣಿಯ ಅಕ್ಷರ, ಕೊನೆಗೆ ನಾಲ್ಕು ಅಂಕಿ. ಮಂಗಳೂರಿನ ಗಾಡಿಗೆ ಕೆಎ 19, ಉಡುಪಿಯದಕ್ಕೆ ಕೆಎ 20. ಇವುಗಳಲ್ಲಿ ನಮ್ಮ ಆಯ್ಕೆಗೆ ಸಿಗುವುದು ಕೊನೆಯ ನಾಲ್ಕು ಅಂಕಿ ಮಾತ್ರ. ಹೆಸರು ಬರೆಯಲು ಅವಕಾಶವಿಲ್ಲದ್ದರಿಂದ ಜನರು ಅಂಕಿಗಳಲ್ಲೇ ಅರ್ಥ ಹುಡುಕುತ್ತಾರೆ. 8055 ಎಂಬುದನ್ನು 'ಬಾಸ್' ಎಂದು ಓದಿಸಲು ಹೆಣಗುವ ಯುವಕರನ್ನು ನೀವು ಕಂಡಿರಬಹುದು. ಹೊಸ ಸರಣಿ ಆರಂಭವಾದಾಗ ಆಕರ್ಷಕ ಸಂಖ್ಯೆಗಳನ್ನು ಕರ್ನಾಟಕದ ಸಾರಿಗೆ ಇಲಾಖೆಯೂ ಹರಾಜು ಹಾಕುತ್ತದೆ. ಹಣ ಸರಕಾರದ ಬೊಕ್ಕಸಕ್ಕೆ ಹೋಗುತ್ತದೆ. ಇದು ಲಂಚವೂ ಅಲ್ಲ, ಕಾನೂನುಬಾಹಿರವೂ ಅಲ್ಲ.

ಆದರೆ ಕಾನೂನು ಒಪ್ಪಿದ್ದನ್ನೆಲ್ಲ ಬುದ್ಧಿ ಒಪ್ಪಬೇಕೆಂದಿಲ್ಲ. 2022ರಲ್ಲಿ ಚಂಡೀಗಢದಲ್ಲಿ ಒಬ್ಬರು 0001 ಸಂಖ್ಯೆಗೆ 15 ಲಕ್ಷದ 44 ಸಾವಿರ ರೂಪಾಯಿ ಕೊಟ್ಟರು. ಯಾವ ವಾಹನಕ್ಕೆಂದು ಊಹಿಸಿ! 71,000 ರೂಪಾಯಿಯ ಹೋಂಡಾ ಆ್ಯಕ್ಟಿವಾ ಸ್ಕೂಟರಿಗೆ. ಸಂಖ್ಯೆಯ ಬೆಲೆ ಸ್ಕೂಟರಿನ ಬೆಲೆಯ ಇಪ್ಪತ್ತೊಂದು ಪಟ್ಟಿಗೂ ಹೆಚ್ಚು. ನೆರೆಯ ಕೇರಳದಲ್ಲಿ 2025ರ ಎಪ್ರಿಲ್‌ನಲ್ಲಿ ಲ್ಯಾಂಬೋರ್ಗಿನಿ ಕಾರಿಗಾಗಿ 0007 ಎಂಬ ಸಂಖ್ಯೆ 45 ಲಕ್ಷದ 99 ಸಾವಿರ ರೂಪಾಯಿಗೆ ಹೋಯಿತು.

ಇನ್ನೂ ಎರಡು ಪ್ರಸಂಗಗಳನ್ನು ಕೇಳಿ. 2023ರ ಫೆಬ್ರವರಿಯಲ್ಲಿ ಹಿಮಾಚಲ ಪ್ರದೇಶದಲ್ಲಿ 1,000 ರೂಪಾಯಿಯ ಮೂಲಬೆಲೆಯಿದ್ದ 9999 ಎಂಬ ಸಂಖ್ಯೆಗೆ ಸ್ಕೂಟಿಯೊಂದಕ್ಕಾಗಿ 1 ಕೋಟಿ 12 ಲಕ್ಷ ರೂಪಾಯಿಯ ಕೂಗು ಬಂತು. ದೇಶವೆಲ್ಲ ಬೆರಗಾಯಿತು. ಆದರೆ ಹಣ ಕಟ್ಟುವ ಸಮಯ ಬಂದಾಗ ಕೂಗಿದವರು ಹಿಂದೆ ಸರಿದರು. 2025ರ ನವೆಂಬರ್‌ನಲ್ಲಿ ಹರಿಯಾಣದಲ್ಲಿ 'ಎಚ್‌ಆರ್ 88 ಬಿ 8888' ಎಂಬ ಸಂಖ್ಯೆಗೆ 1 ಕೋಟಿ 17 ಲಕ್ಷದ ಕೂಗು. ಇಂಗ್ಲಿಷಿನ 'ಬಿ' ಅಕ್ಷರವೂ ಎಂಟರಂತೆಯೇ ಕಾಣುವುದು ಅದರ ಹೆಗ್ಗಳಿಕೆ. ಅಲ್ಲಿಯೂ ಗಡುವಿನೊಳಗೆ ಹಣ ಬರಲಿಲ್ಲ. ಕೂಗಿದವರ ಆಸ್ತಿ ಎಷ್ಟಿದೆ ಎಂದು ತನಿಖೆ ನಡೆಸಲು ಸಾರಿಗೆ ಸಚಿವರು ಆದೇಶಿಸಬೇಕಾಯಿತು. ಪ್ರತಿಷ್ಠೆಗಾಗಿ ಕೂಗಿದ ಕೂಗು ಕೊನೆಗೆ ತನಿಖೆಯನ್ನು ಮನೆ ಬಾಗಿಲಿಗೆ ಕರೆತಂದಿತು.

ಅಲಂಕಾರಕ್ಕೆ ಕಡಿವಾಣ

ಕೆಲವು ವರ್ಷಗಳ ಹಿಂದೆ ನಂಬರ್ ಪ್ಲೇಟುಗಳಲ್ಲಿ ಏನೇನೋ ಕಾಣುತ್ತಿತ್ತು. ಓರೆ ಅಕ್ಷರ, ಬಣ್ಣದ ಚಿತ್ತಾರ, ಮೇಲೊಂದು 786, ಬದಿಯಲ್ಲೊಂದು ಚಂದ್ರ. ಸಂಖ್ಯೆಯನ್ನು ಓದಲು ಮಾತ್ರ ಆಗುತ್ತಿರಲಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರಿಂದಲೇ ಅಕ್ಷರದ ಗಾತ್ರ, ಅಂತರ, ಬಣ್ಣಗಳನ್ನು ಗೊತ್ತುಪಡಿಸಿದ್ದರೂ ಪಾಲಿಸುವವರು ಕಡಿಮೆಯಿದ್ದರು. 2019ರ ಎಪ್ರಿಲ್ 1ರಿಂದ ಹೊಸ ವಾಹನಗಳಿಗೆ ಎಚ್‌ಎಸ್‌ಆರ್‌ಪಿ ಎಂದು ಕರೆಯುವ ಅತಿ ಸುರಕ್ಷಿತ ಫಲಕ ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ವಾಹನಗಳಿಗೂ ಅದನ್ನು ಅಳವಡಿಸಬೇಕೆಂದು ಕರ್ನಾಟಕ ಸರಕಾರ 2023ರಲ್ಲಿ ಆದೇಶಿಸಿತು. ಇದರಲ್ಲಿ ಹೊಲೊಗ್ರಾಮ್ ಇರುತ್ತದೆ, ಲೇಸರಿನಿಂದ ಕೊರೆದ ಗುರುತಿನ ಸಂಖ್ಯೆ ಇರುತ್ತದೆ, ಒಮ್ಮೆ ಕೂರಿಸಿದರೆ ಸುಲಭದಲ್ಲಿ ಬಿಚ್ಚಲಾಗದ ಲಾಕ್ ಇರುತ್ತದೆ. ಕಳ್ಳತನ ಮತ್ತು ನಕಲಿ ಫಲಕಗಳನ್ನು ತಡೆಯುವುದೇ ಇದರ ಉದ್ದೇಶ.

ಆದ್ದರಿಂದ ಮನೆಯ ಯುವಕರಿಗೆ ತಿಳಿಹೇಳಿ. ಫಲಕದ ಮೇಲೆ ಧಾರ್ಮಿಕ ಪದವಾಗಲೀ, ಸಂಘಟನೆಯ ಹೆಸರಾಗಲೀ, ಸ್ಟಿಕ್ಕರಾಗಲೀ ಸಲ್ಲದು. ಅದು ದಂಡಕ್ಕೆ ದಾರಿ.

786ರ ಮೋಹ

ನಮ್ಮ ಸಮುದಾಯದಲ್ಲಿ ಅತಿ ಹೆಚ್ಚು ಬೇಡಿಕೆಯಿರುವ ಸಂಖ್ಯೆ 786. ಸಿನಿಮಾಗಳೂ ಇದಕ್ಕೆ ನೀರೆರೆದಿವೆ. 1975ರ 'ದೀವಾರ್'ನಲ್ಲಿ ನಾಯಕನ ಬಿಲ್ಲೆಯ ಸಂಖ್ಯೆ 786, ಅದೇ ಅವನನ್ನು ಕಾಯುತ್ತದೆ ಎಂಬಂತೆ ಕಥೆ. ಇದು ಎಲ್ಲಿಂದ ಬಂತೆಂದು ಅನೇಕರಿಗೆ ತಿಳಿದಿಲ್ಲ. ಅರಬಿ ಅಕ್ಷರಗಳಿಗೆ ಒಂದೊಂದು ಬೆಲೆ ಕೊಡುವ 'ಅಬ್ಜದ್' ಎಂಬ ಹಳೆಯ ಲೆಕ್ಕಪದ್ಧತಿಯಿದೆ. ಅದರಂತೆ 'ಬಿಸ್ಮಿ' ಎಂಬುದಕ್ಕೆ 102, 'ಅಲ್ಲಾಹ್'ಗೆ 66, 'ಅರ್ರಹ್ಮಾನ್'ಗೆ 329, 'ಅರ್ರಹೀಮ್'ಗೆ 289. ಕೂಡಿಸಿ ನೋಡಿ, 786 ಬರುತ್ತದೆ. ಕಾಗದದಲ್ಲಿ ಬರೆದ ಪವಿತ್ರ ನಾಮಗಳು ಕಾಲಡಿಗೆ ಬೀಳಬಾರದು ಎಂಬ ಗೌರವದಿಂದ ನಮ್ಮ ಉಪಖಂಡದ ಹಿರಿಯರು ಪತ್ರಗಳ ಮೇಲೆ ಈ ಸಂಖ್ಯೆ ಬರೆಯುವ ರೂಢಿ ಬೆಳೆಸಿದರು. ಅವರ ಉದ್ದೇಶ ಒಳ್ಳೆಯದೇ.

ಆದರೆ 786 ಎಂಬ ಅಂಕಿ ಕುರ್‌ಆನಿನಲ್ಲಿ ಇಲ್ಲ, ಹದೀಸಿನಲ್ಲೂ ಇಲ್ಲ. ಅದು ಬಿಸ್ಮಿಯ ಸ್ಥಾನ ತುಂಬುವುದೂ ಇಲ್ಲ. ಬಾಯಿಯಿಂದ ಬಿಸ್ಮಿ ಹೇಳಿ ಗಾಡಿ ಹತ್ತಲು ಒಂದು ಪೈಸೆಯ ಖರ್ಚಿಲ್ಲ. ಅದನ್ನು ಹೇಳಲು ಮರೆಯುವ ನಾವು ಫಲಕದ ಅಂಕಿಗಾಗಿ ಸಾವಿರಾರು ರೂಪಾಯಿ ಕಟ್ಟುತ್ತೇವೆ. ವೇಗದ ಮಿತಿ ಮೀರಿದರೆ 786 ಅಪಘಾತವನ್ನು ತಡೆಯುವುದಿಲ್ಲ. ಹೆಲ್ಮೆಟ್ಟು, ಸೀಟ್ ಬೆಲ್ಟುಗಳ ಕೆಲಸವನ್ನು ಯಾವ ಅಂಕಿಯೂ ಮಾಡುವುದಿಲ್ಲ.

ಹಾಗೆಯೇ ನಾಲ್ಕು ಅಂಕಿ ಕೂಡಿದಾಗ ಎಂಟು ಬರಬಾರದು, ಒಂಬತ್ತು ಬಂದರೆ ಬರ್ಕತ್ ಎಂಬ ಮಾತುಗಳೂ ನಮ್ಮ ಮನೆಗಳಲ್ಲಿ ಕೇಳಿಬರುತ್ತಿವೆ. ಒಳಿತು ಕೆಡುಕುಗಳು ಅಲ್ಲಾಹನ ಕೈಯಲ್ಲಿವೆ ಎಂದು ನಂಬಿದವರ ಬಾಯಲ್ಲಿ ಈ ಮಾತು ಒಪ್ಪುತ್ತದೆಯೇ?

ಬೆಲೆ ಕಟ್ಟುವವರು ಯಾರು?

ಈಗ ಮೂಲ ಪ್ರಶ್ನೆಗೆ ಬರೋಣ. ಒಂದು ಸಂಖ್ಯೆಗೆ ಬೆಲೆ ಕೊಡುವವರು ಯಾರು? ಹರಾಜು ಕೂಗುವವನಲ್ಲ, ಕೊಳ್ಳುವವನೂ ಅಲ್ಲ. ನೋಡುವವರು. ಯಾರೂ ಇಲ್ಲದ ಮರುಭೂಮಿಯಲ್ಲಿ ಒಬ್ಬನೇ ಕಾರು ಓಡಿಸುವವನಿಗೆ 1 ಆದರೇನು, 4837 ಆದರೇನು? ನಾವು ತಿರುಗಿ ನೋಡುತ್ತೇವೆ ಎಂಬ ಭರವಸೆಯಿಂದಲೇ ಆತ ಹಣ ಸುರಿಯುತ್ತಾನೆ.

ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಬರುವ ಕಾರೂನನ ವೃತ್ತಾಂತ ನಿಮಗೆ ತಿಳಿದೇ ಇದೆ. ಆತನ ಸಂಪತ್ತಿನ ಬಗ್ಗೆ ನಾವು ಬಹಳ ಮಾತನಾಡುತ್ತೇವೆ. ಆದರೆ ಆತ ಸಕಲ ವೈಭವದೊಂದಿಗೆ ಬೀದಿಗೆ ಬಂದಾಗ ಬದಿಯಲ್ಲಿ ನಿಂತು ನೋಡಿದವರ ಬಗ್ಗೆ ಯೋಚಿಸುವುದು ಕಡಿಮೆ. ಅವರಲ್ಲಿ ಎರಡು ಗುಂಪುಗಳಿದ್ದವು. ನಮಗೂ ಹೀಗಿದ್ದರೆ ಎಂದು ಹಲುಬಿದವರು ಒಂದು ಕಡೆ. ಅವರನ್ನು ತಡೆದು ತಿಳಿಹೇಳಿದ ಜ್ಞಾನಿಗಳು ಇನ್ನೊಂದು ಕಡೆ. ಕಾರೂನ್ ನೆಲದೊಳಗೆ ಹೂತುಹೋದ ಮೇಲೆ ಮೊದಲ ಗುಂಪು ನಿಟ್ಟುಸಿರು ಬಿಟ್ಟಿತು. ಮೆರವಣಿಗೆ ಮಾಡುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಬದಿಯಲ್ಲಿ ನಿಂತ ನಾವು ಯಾವ ಗುಂಪಿನಲ್ಲಿದ್ದೇವೆ ಎಂಬುದೇ ಪ್ರಶ್ನೆ.

ಮನೆಯೊಳಗಿನ ಲೆಕ್ಕ

ಇಲ್ಲಿ ಮಹಿಳೆಯರ ಪಾತ್ರ ದೊಡ್ಡದು. ಗಾಡಿಯ ನಂಬರಿನ ತೀರ್ಮಾನ ಗಂಡಸರದೆಂದು ನೀವು ಸುಮ್ಮನಿರಬೇಡಿ. ಗಂಡ ಕೊಲ್ಲಿಯಲ್ಲಿರುತ್ತಾನೆ, ಮಗ ಊರಿನಲ್ಲಿ ಹೊಸ ಕಾರು ಬುಕ್ ಮಾಡುತ್ತಾನೆ. "ಉಮ್ಮಾ, ಕಾರಿಗೆ ಇಷ್ಟು ಕೊಟ್ಟಿದ್ದೇವೆ, ನಂಬರಿಗೆ ಇನ್ನೊಂದಿಷ್ಟು ಕೊಟ್ಟರೆ ಏನಾಯ್ತು? ಉಪ್ಪನಿಗೆ ನೀವೇ ಹೇಳಿ" ಎಂದು ಗೋಗರೆಯುತ್ತಾನೆ. ಕಾರಿನ ಅರ್ಧ ಹಣ ಬ್ಯಾಂಕಿನ ಸಾಲ. ಅದರ ಮೇಲೆ ನಂಬರಿನ ಹಣಕ್ಕಾಗಿ ತಾಯಿಯ ಬಳೆ ಅಡವಿಗೆ ಹೋದರೆ ಆಶ್ಚರ್ಯವಿಲ್ಲ. ಒಬ್ಬನ ಗಾಡಿಯಲ್ಲಿ ಫ್ಯಾನ್ಸಿ ನಂಬರ್ ಬಂದರೆ ಅಣ್ಣತಮ್ಮಂದಿರ, ಅಳಿಯಂದಿರ ಗಾಡಿಗೂ ಬೇಕಾಗುತ್ತದೆ. ಪೈಪೋಟಿ ಹುಟ್ಟುವುದು ಹೀಗೆ.

ಇನ್ನೊಂದು ಸತ್ಯವನ್ನೂ ಮಗನಿಗೆ ಹೇಳಿ. ಕಾರನ್ನು ಮುಂದೆ ಮಾರಬಹುದು, ಚಿನ್ನವನ್ನೂ ಮಾರಬಹುದು. ಸಂಖ್ಯೆಯ ವಿಷಯ ಹಾಗಲ್ಲ. ಹಳೆಯ ಸಂಖ್ಯೆಯನ್ನು ಹೊಸ ವಾಹನಕ್ಕೆ ಉಳಿಸಿಕೊಳ್ಳಲು ಕೆಲವು ರಾಜ್ಯಗಳು ಅವಕಾಶ ಕೊಟ್ಟಿದ್ದರೂ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಅದು ವಾಹನದ ಜೊತೆಗೇ ಹೋಗುತ್ತದೆ. ಗಾಡಿ ಗುಜರಿಗೆ ಹೋದ ದಿನ ನಂಬರಿಗೆ ಕೊಟ್ಟ ಹಣವೂ ಲೆಕ್ಕದಿಂದ ಅಳಿಸಿಹೋಗುತ್ತದೆ.

ಹಾಗೆಂದು ಇಷ್ಟದ ಸಂಖ್ಯೆ ಕೇಳುವುದೇ ಪಾಪವೆಂದು ಯಾರೂ ಹೇಳುವುದಿಲ್ಲ. ಮನೆಯ ಎರಡು ಗಾಡಿಗಳಿಗೂ ಒಂದೇ ಸಂಖ್ಯೆಯಿದ್ದರೆ ನೆನಪಿಡಲು ಸುಲಭ, ಮಗಳು ಹುಟ್ಟಿದ ವರ್ಷದ ಸಂಖ್ಯೆ ಸಿಕ್ಕಿದರೆ ಸಂತೋಷ. ಅಂತಹ ಸಣ್ಣ ಆಸೆಗಳು ಬದುಕಿನಲ್ಲಿ ಇರುವಂಥವೇ. ಅಳತೆಗೋಲು ಇಷ್ಟೇ. ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ಇದು ಸಾಲದ ಹಣವೇ? ಎರಡು, ಮನೆಯಲ್ಲಿ ಅಥವಾ ನೆರೆಯಲ್ಲಿ ಈ ಹಣಕ್ಕಾಗಿ ಕಾಯುವ ಶಾಲೆಯ ಶುಲ್ಕವೋ, ಆಸ್ಪತ್ರೆಯ ಬಿಲ್ಲೋ ಇದೆಯೇ? ಮೂರು, ಈ ಸಂಖ್ಯೆಯನ್ನು ಯಾರೂ ನೋಡುವುದಿಲ್ಲವೆಂದಾದರೆ ಆಗಲೂ ನಮಗಿದು ಬೇಕೇ? ಮೂರನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿದರೆ ಹೆಚ್ಚಿನವರ ಆಸೆ ಅಲ್ಲೇ ತಣ್ಣಗಾಗುತ್ತದೆ.

ಮಕ್ಕಳ ಮುಂದೆ ನಾವಾಡುವ ಮಾತಿನ ಮೇಲೂ ನಿಗಾ ಇರಲಿ. "ಅವರ ಗಾಡಿಯ ನಂಬರ್ ನೋಡು!" ಎಂದು ನಾವು ಬಾಯಿ ತೆರೆದಾಗಲೆಲ್ಲ ಮಗು ಒಂದು ಪಾಠ ಕಲಿಯುತ್ತದೆ. ಮನುಷ್ಯನನ್ನು ಅಳೆಯುವುದು ತಗಡಿನಿಂದ ಎಂಬ ಪಾಠ ಅದು. ಅದರ ಬದಲು ಮಕ್ಕಳಿಗೆ ಬೇರೊಂದನ್ನು ಕಲಿಸಿ. ಯಾರಾದರೂ ಡಿಕ್ಕಿ ಹೊಡೆದು ಓಡಿದರೆ ಆ ಗಾಡಿಯ ಸಂಖ್ಯೆಯನ್ನು ನೋಡಿ ನೆನಪಿಟ್ಟುಕೊಳ್ಳಲು ಕಲಿಸಿ. ಆಟೋ ಹತ್ತುವ ಮಗಳಿಗೆ ಅದರ ಸಂಖ್ಯೆಯನ್ನು ಮನೆಗೆ ತಿಳಿಸಲು ಹೇಳಿ. ಸಂಖ್ಯೆಯ ನಿಜವಾದ ಉಪಯೋಗ ಅದು.

ನಮ್ಮ ಗಾಡಿಯ ಹಿಂದೆ ಮುಂದೆ ತೂಗುವ ಆ ಫಲಕ ರಸ್ತೆಯಲ್ಲಿರುವ ಪ್ರತಿಯೊಬ್ಬರಿಗೂ ನಾವು ಕೊಟ್ಟ ಮಾತು. ನನ್ನಿಂದ ನಿಮಗೆ ತೊಂದರೆಯಾದರೆ ಇದೋ ನನ್ನ ಗುರುತು, ಬಂದು ಕೇಳಿ ಎಂಬ ಮಾತು. ಸರದಿಯಲ್ಲಿ ಬಂದ ಸಾದಾ ಸಂಖ್ಯೆಯೂ ಆ ಮಾತನ್ನು ಅಷ್ಟೇ ಸ್ಪಷ್ಟವಾಗಿ ಹೇಳುತ್ತದೆ. ಅದನ್ನು ಉಳಿಸಿಕೊಳ್ಳುವಂತೆ ಗಾಡಿ ಓಡಿಸುವುದಷ್ಟೇ ನಮ್ಮ ಕೆಲಸ.